ಹಂತಾ ತುಡುಗ ಅಲ್ಲ

ಮೊನ್ನೆ ಮುಂಜಾನೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಇದ್ದಕ್ಕಿದ್ದಂತೆ "ಏ ತುಡುಗೀ! ಹಿಡೀರಿ ಆಕೀನ್ನ!" ಎಂದು ಕೂಗಿದರು. ನಾನು ಬಸಿಯ ಸಮೇತ ಎದ್ದು ನಿಂತೆ. ಬಸಿ ಉಳಿಯಿತು, ಚಹಾ ಉಳಿಯಲಿಲ್ಲ. ನೋಡಿದರೆ ತುಡುಗಿ ಅವರ ಪುಟ್ಟ ಮೊಮ್ಮಗಳು. ಮುಟಿಗೆ ತುಂಬ ಹಸಿ ಸಂಡಿಗೆ ಹಿಟ್ಟು, ಮೂಗಿನ ಮೇಲೂ ಒಂದಿಷ್ಟು. ಒಳಗಿನಿಂದ ಬಂದ ನನ್ನ ಹೆಂಡತಿ ನನ್ನ ಒದ್ದೆ ಧೋತರ ನೋಡಿ, "ಮತ್ತ ಬೈಲಹೊಂಗಲಕ್ಕ ಹೋಗಿಬಂದ್ರೇನು?" ಎಂದಳು.

ಹೋಗಿಬಂದಿದ್ದೆ. ತುಡುಗ ಎನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಕುಳಿತಲ್ಲಿಂದಲೇ ಬೈಲಹೊಂಗಲದ ಪೇಟೆಗೆ ಹೋಗಿ, ಒಂದು ಎತ್ತಿನ ಗಾಡಿಯ ಮುಂದೆ ನಿಂತು, ಬೆವರಿ, ತಿರುಗಿ ಬರುತ್ತೇನೆ. ಬಸ್ಸಿನ ಖರ್ಚಿಲ್ಲ ಎನ್ನುವುದೊಂದೇ ಸಮಾಧಾನ.

ನೀವು ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯವರಾಗಿದ್ದರೆ ತುಡುಗು ಎಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಅವ್ವ ನಿಮ್ಮನ್ನು ದಿನಕ್ಕೊಮ್ಮೆಯಾದರೂ ತುಡುಗ ಎಂದು ಕರೆದಿರುತ್ತಾಳೆ. ಬೇರೆ ಕಡೆಯವರಾಗಿದ್ದರೆ ಸ್ವಲ್ಪ ಬಿಡಿಸಿ ಹೇಳಬೇಕು. ತುಡುಗು ಎಂದರೆ ಕಳವು, ತುಡುಗ ಎಂದರೆ ಕಳ್ಳ. ಪೊಲೀಸರಿಗೆ ಇಷ್ಟು ಸಾಕು. ಮನೆಯಲ್ಲಿ ಬದುಕುವವರಿಗೆ ಸಾಲದು. ಕಳವು ಎನ್ನುವ ಮಾತಿಗೆ ಒಂದು ಗಂಭೀರ ಮುಖವಿದೆ. ಅದು ಟೋಪಿ ಹಾಕಿಕೊಂಡು, ಪಂಚನಾಮೆ ಬರೆಸಿಕೊಂಡು ಬರುತ್ತದೆ. ತುಡುಗು ಹಾಗಲ್ಲ. ಅದು ಹಿತ್ತಲ ಬಾಗಿಲಿಂದ ಬರುತ್ತದೆ, ಬಾಯಿ ಒರೆಸಿಕೊಳ್ಳುತ್ತ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಬೆಲ್ಲದ ಪೆಂಟಿಯನ್ನು ಅಡಕಲ ಗಡಿಗೆಗಳ ಎಲ್ಲಕ್ಕಿಂತ ಕೆಳಗಿನ ಗಡಿಗೆಯಲ್ಲಿ ಇಡುತ್ತಿದ್ದರು. ಮೇಲೆ ಕಡಲೆ, ಅದರ ಮೇಲೆ ತೊಗರಿ, ಅದರ ಮೇಲೆ ಮೆಣಸಿನಕಾಯಿ. ಬೆಲ್ಲ ಬೇಕೆಂದರೆ ಇಡೀ ಸಂಸಾರವನ್ನೇ ಇಳಿಸಬೇಕು. ನಾನು ಇಳಿಸುತ್ತಿದ್ದೆ. ತಿರುಗಿ ಏರಿಸುವಾಗ ಮಾತ್ರ ತೊಗರಿ ಮೇಲೆ ಬಂದು ಮೆಣಸಿನಕಾಯಿ ನಡುವೆ ಹೋಗಿರುತ್ತಿತ್ತು. "ತುಡುಗ ಮಾಡಾಕೂ ಬರೂದಿಲ್ಲಲ್ಲೋ ನಿನಗ, ತುಡುಗಾ" ಎಂದು ನಮ್ಮ ಅವ್ವ ನಿಟ್ಟುಸಿರು ಬಿಡುತ್ತಿದ್ದಳು. ಆ ಒಂದೇ ವಾಕ್ಯದಲ್ಲಿ ನನ್ನನ್ನು ತುಡುಗ ಎಂದೂ ಕರೆದಿದ್ದಳು, ತುಡುಗನಾಗಲು ಯೋಗ್ಯತೆಯಿಲ್ಲ ಎಂದೂ ಹೇಳಿದ್ದಳು. ಇದನ್ನು ಬೇರೆ ಭಾಷೆಯವರಿಗೆ ಹೇಗೆ ತಿಳಿಸುವುದು?

ರಾಮದುರ್ಗದ ನಮ್ಮ ಅತ್ಯಾ ಮಧ್ಯಾಹ್ನ ಗೋಡೆಗೆ ಒರಗಿ, ಕೈಯಲ್ಲಿ ಹೂಬತ್ತಿ ಹೊಸೆಯುತ್ತಿರುವಂತೆಯೇ ಕಣ್ಣು ಮುಚ್ಚುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ತುಡುಗ ನಿದ್ದಿ. ರಾತ್ರಿಯ ನಿದ್ದೆಗಿಂತ ಅದು ರುಚಿ ಎನ್ನುತ್ತಿದ್ದರು. ಕಿತ್ತೂರಿನ ಮಾಮಾ ಒಬ್ಬರಿದ್ದರು, ಯಾರ ಮನೆಗೆ ಹೋದರೂ ಒಂದು ಕೊಡೆ ತರುತ್ತಿದ್ದರು. ಅದನ್ನು ಮಾತ್ರ ಯಾರೂ ತುಡುಗು ಎನ್ನಲಿಲ್ಲ. "ಅಂವಗ ಮರವು" ಎನ್ನುತ್ತಿದ್ದರು. ಮಾಮಾ ಎಂದೂ ಹರಿದ ಕೊಡೆಯನ್ನು ಮರೆತು ತರಲಿಲ್ಲ, ಅದು ಬೇರೆ ಮಾತು.

ಇನ್ನು ದನಗಳ ತುಡುಗು. ಹಗ್ಗ ಹರಿದುಕೊಂಡು, ಬೇಲಿ ಹಾರಿ, ಪರರ ಹೊಲದ ಬೆಳೆ ಮೇಯುವ ಚಟ ಹತ್ತಿದ ದನಕ್ಕೆ ತುಡುಗು ದನ ಎನ್ನುತ್ತಾರೆ. ಒಮ್ಮೆ ಪರರ ಮೇವಿನ ರುಚಿ ಹತ್ತಿತೆಂದರೆ ಮುಗಿಯಿತು, ಮನೆಯ ದಂಟು ಅದಕ್ಕೆ ಸೇರುವುದಿಲ್ಲ. ನಾನು ಹೇಳಹೊರಟ ಕಥೆ ಈ ದನದಿಂದಲೇ ಶುರುವಾಗುತ್ತದೆ. ದನದಿಂದ ಎನ್ನುವುದಕ್ಕಿಂತ ದನದ ಡಾಕ್ಟರರಿಂದ.

ಎಪ್ಪತ್ತರ ದಶಕದ ಮಾತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ಇನ್ನೂ ಹೊಸದು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಸವದತ್ತಿಯಲ್ಲಿ ಕಾಕಾನ ಮನೆಯಲ್ಲಿದ್ದುಕೊಂಡು ಸರಕಾರಿ ಕಾರಕೂನನಾಗಿದ್ದೆ. ಬಿ.ಎ.ಯಲ್ಲಿ ಭಾಷಾಶಾಸ್ತ್ರದ ಒಂದು ಪೇಪರು ಓದಿದ್ದೆ, ಅದನ್ನು ಎಲ್ಲಿ ಬಳಸುವುದೆಂದು ಹುಡುಕುತ್ತಿದ್ದೆ. ಆ ಮಳೆಗಾಲದಲ್ಲಿ ನಮ್ಮ ಪಡಸಾಲೆಯ ಪಕ್ಕದ ಖೋಲಿಗೆ ಬಾಡಿಗೆಗೆ ಬಂದವರು ಡಾಕ್ಟರ್ ಶ್ರೀಕಂಠ. ಮೈಸೂರಿನ ಕಡೆಯವರು, ಮೊದಲ ನೌಕರಿ, ದನದ ದವಾಖಾನೆಗೆ ನೇಮಕವಾಗಿ ಬಂದಿದ್ದರು. ತೆಳ್ಳಗಿನ ಮನುಷ್ಯ. ಕೆಳಗೆ ಗಂಟೆಯಂತೆ ಅಗಲವಾಗುವ ಪ್ಯಾಂಟು ಹಾಕುತ್ತಿದ್ದರು. ಅದರೊಳಗೆ ಗಾಳಿ ಹೊಕ್ಕರೆ ಅವರಿಗಿಂತ ಮೊದಲು ಅವರ ಕಾಲು ದವಾಖಾನೆ ಮುಟ್ಟುತ್ತಿದ್ದವು.

ಬಂದು ವಾರವಾಗಿರಲಿಲ್ಲ. ಒಂದು ಸಂಜೆ ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದರು.

"ಸಾರ್, ಈ ಕಡೆ ತುಡುಗು ಅಂತ ಒಂದು ಕಾಯಿಲೆ ಇದೆಯಂತಲ್ಲ. ನಮ್ಮ ಪುಸ್ತಕದಲ್ಲಿ ಎಲ್ಲೂ ಸಿಗ್ತಾ ಇಲ್ಲ."

ಆಗಿದ್ದೇನೆಂದರೆ, ಒಬ್ಬ ರೈತ ಎಮ್ಮೆ ಹೊಡೆದುಕೊಂಡು ಬಂದು "ಸಾಹೇಬ್ರ, ಇದಕ್ಕ ತುಡುಗ ಹತ್ತೈತ್ರಿ, ಏನರ ಔಷಧ ಕೊಡ್ರಿ" ಎಂದಿದ್ದ. ಡಾಕ್ಟರು ಜ್ವರ ನೋಡಿದರು. ಜ್ವರವಿಲ್ಲ. ಯಾವಾಗಿನಿಂದ ಎಂದು ಕೇಳಿದರು. "ಹೆಸರಿನ ಬೆಳಿ ಬಂದಾಗಿಂದ್ರಿ." ಮೇವು ತಿನ್ನುತ್ತದೆಯೇ ಎಂದು ಕೇಳಿದರು. "ತಿಂತೈತ್ರಿ. ನಮ್ಮದಲ್ಲ, ಮಂದೀದು." ಡಾಕ್ಟರು ಹಸಿವಿನ ಪುಡಿ ಕೊಟ್ಟು ಕಳಿಸಿದ್ದರು. ಆ ಪುಡಿ ತಿಂದ ಎಮ್ಮೆ ಆ ವಾರ ಎಷ್ಟು ಹೊಲ ಮೇಯಿತೋ ಗೊತ್ತಿಲ್ಲ.

ನಾನು ನಕ್ಕು ನಕ್ಕು ಸುಸ್ತಾಗಿ, ತುಡುಗು ದನ ಎಂದರೇನೆಂದು ವಿವರಿಸಿದೆ. "ಓ! ಅಂದ್ರೆ ಅಂಟುರೋಗ ಅಲ್ಲ" ಎಂದರು. ಒಂದು ಎಮ್ಮೆ ಕಲಿತರೆ ಹಿಂದಿನ ಕರುವೂ ಕಲಿಯುತ್ತದೆ, ಅಷ್ಟರಮಟ್ಟಿಗೆ ಅಂಟು ಎಂದೆ. ಅವರಿಗೆ ಆ ಮಾತು ಬಹಳ ಹಿಡಿಸಿತು. ಮರುದಿನದಿಂದ ದವಾಖಾನೆಗೆ ಬಂದ ದನಗಳನ್ನೆಲ್ಲ "ಇದು ತುಡುಗಾ?" ಎಂದು ವಿಚಾರಿಸಿಕೊಳ್ಳತೊಡಗಿದರು.

ಆ ಮಾತಿನ ಎರಡನೆಯ ಅರ್ಥ ಅವರಿಗೆ ತಿಳಿದದ್ದು ನಮ್ಮ ಗಂಗಾಕಾಕುವಿನಿಂದ. ನಮ್ಮ ಕಾಕಾ ಪಂಚಾಂಗ, ಪೂಜೆ ಎಂದು ಊರೂರು ತಿರುಗುವವರು; ಮನೆಯ ಯಜಮಾನಿಕೆ ಕಾಕುವಿನದು. ಮಕ್ಕಳಿಲ್ಲದ ಆಕೆಗೆ ಮನೆಯಲ್ಲಿ ತಿನ್ನುವವರು ಕಡಿಮೆಯಾದರೆ ಚಿಂತೆ. ಡಾಕ್ಟರು ಮೊದಲು ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು ನೀರು ಕೇಳುತ್ತಿದ್ದರು. ಆಮೇಲೆ ಹೊಸ್ತಿಲ ಮೇಲೆ ನಿಂತರು. ಶ್ರಾವಣ ಮುಗಿಯುವುದರೊಳಗೆ ಬೇಸನ್ ಉಂಡಿಯ ಡಬ್ಬಿ ಎಲ್ಲಿದೆ ಎನ್ನುವುದು ಕಾಕಾನಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

"ಡಬ್ಬಿ ಸಪ್ಪಳ ಆತು. ಯಾರದು? ತುಡುಗಾ, ಮತ್ತ ಬಂದೇನು?"

"ಇಲ್ಲ ಕಾಕು, ಮುಚ್ಚಳ ಸರಿಯಾಗಿ ಹಾಕಿದ್ಯಾ ಅಂತ ನೋಡ್ತಿದ್ದೆ."

"ಬಾಯಾಗ ಏನದ?"

"ಏನೂ ಇಲ್ಲ ಕಾಕು" ಎನ್ನುವಾಗ ಬಾಯಿಂದ ಬೇಸನ್ನಿನ ಪುಡಿ ಹಾರುತ್ತಿತ್ತು.

ಹೀಗೆ ಡಾಕ್ಟರಿಗೆ ತುಡುಗು ಎಂದರೆ ಒಂದು, ದನದ ಕೆಟ್ಟ ಚಟ. ಇನ್ನೊಂದು, ತನ್ನ ಮುದ್ದಿನ ಹೆಸರು. ನಮ್ಮ ಓಣಿಯ ಹೆಂಗಸರೂ ಕಾಕುವನ್ನು ಕೇಳಿ ಕೇಳಿ "ನಿಮ್ಮ ತುಡುಗ ಡಾಕ್ಟರ್ ಊಟಕ್ಕ ಬಂದ್ರೇನ್ರಿ?" ಎನ್ನತೊಡಗಿದ್ದರು. ಡಾಕ್ಟರು ಅದನ್ನು ಪದವಿಯ ಹಾಗೆ ಸ್ವೀಕರಿಸಿದ್ದರು. ಆ ಶಬ್ದದ ಮೊದಲನೆಯ ಅರ್ಥ, ಪೊಲೀಸರ ಅರ್ಥ, ಅವರಿಗೆ ಹೇಳಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಒಲೆ ಸುಡುತ್ತದೆ ಎಂದು ಮನೆಗೆ ಬಂದವರಿಗೆ ಯಾರು ಹೇಳುತ್ತಾರೆ?

ಆ ವರ್ಷ ಶೇಂಗಾ ಸುಗ್ಗಿಯಲ್ಲಿ, ಬೈಲಹೊಂಗಲದಲ್ಲಿದ್ದ ಕಾಕುವಿನ ತಂಗಿಯ ಮನೆಯಲ್ಲಿ ಕುಬಸದ ಊಟ. ತಂಗಿಯ ಸೊಸೆ ಬಸುರಿ. ಕಾಕು ತನ್ನ ಜರಿಯಂಚಿನ ಸೀರೆಯುಟ್ಟು ನನ್ನನ್ನೂ ಡಾಕ್ಟರನ್ನೂ ಕರೆದುಕೊಂಡು ಮುಂಜಾನೆಯ ಬಸ್ಸು ಹತ್ತಿದಳು. ಅವರ ಮನೆ ಪೇಟೆಯ ಹಿಂದುಗಡೆ. ಊಟಕ್ಕೆ ಇನ್ನೂ ತಡ ಎಂದು ಗೊತ್ತಾದಮೇಲೆ ಡಾಕ್ಟರು "ಬನ್ನಿ ಸಾರ್, ಪೇಟೆ ನೋಡೋಣ" ಎಂದರು. "ದೂರ ಹೋಗಬ್ಯಾಡ್ರಿ, ಎಲಿ ಹಾಕಿದ ಮ್ಯಾಲೆ ನಿಮ್ಮನ್ನ ಹುಡಕ್ಕೊಂಡು ಬರಾಕ ನನಗ ಆಗೂದಿಲ್ಲ" ಎಂದು ಕಾಕು ಒಳಗಿನಿಂದ ಕೂಗಿ ಹೇಳಿದಳು.

ಪೇಟೆಯ ಅಂಗಳದಲ್ಲಿ ಅಡತಿ ಅಂಗಡಿಗಳ ಮುಂದೆ ಶೇಂಗಾದ ರಾಶಿಗಳು. ಕೊರಳು ಬಿಚ್ಚಿದ ಎತ್ತುಗಳು, ನೊಗ ನೆಲಕ್ಕೂರಿದ ಗಾಡಿಗಳು, ಹರಾಜಿನ ಸವಾಲು ಕೂಗುವ ಗದ್ದಲ. ನಾವು ತಿಳಿಯದಿದ್ದ ಸಂಗತಿ ಒಂದಿತ್ತು. ಹಿಂದಿನ ವಾರ ಇದೇ ಅಂಗಳದಿಂದ ಯಾರೋ ಒಂದು ಎತ್ತನ್ನು ಬಿಚ್ಚಿಕೊಂಡು ಹೋಗಿದ್ದರು. ಹಿಂಗಾರಿ ಬಿತ್ತನೆಯ ಹೊತ್ತು. ಎತ್ತು ಕಳೆದುಕೊಂಡವನ ಹೆಸರು ರುದ್ರಪ್ಪ; ಜೋಡಿಯಲ್ಲಿ ಒಂದೇ ಉಳಿದು, ಬಿತ್ತಲಾರದೆ, ಆತ ತನ್ನ ಊರಿನ ಮಂದಿಯನ್ನು ಕಟ್ಟಿಕೊಂಡು ದಿನಾ ಪೇಟೆಗೆ ಬಂದು ಕಾಯುತ್ತಿದ್ದ.

ನಾನು ಒಂದು ರಾಶಿಯ ಹತ್ತಿರ ಬಗ್ಗಿ ಎರಡು ಶೇಂಗಾ ಸುಲಿದು ಬಾಯಿಗೆ ಹಾಕಿಕೊಂಡೆ. ಅದೂ ತುಡುಗೇ ಅನ್ನಿ. ಅಷ್ಟರಲ್ಲಿ ಒಂದು ಬಿಳಿ ಎತ್ತು ಮೂಗುದಾಣದ ಹಗ್ಗ ಎಳೆದುಕೊಂಡು ಪಕ್ಕದ ರಾಶಿಗೇ ಬಾಯಿ ಹಾಕಿತು. ಅಂಗಡಿಯ ಸಾವಕಾರರು ಗಾದಿಯ ಮೇಲಿಂದ ಎದ್ದು "ಏ ತುಡುಗ ಬಂತು! ತುಡುಗ! ಹಿಡೀರಿ, ಹಿಡೀರಿ!" ಎಂದು ಕೂಗಿದರು.

ನನ್ನ ಪಕ್ಕದಲ್ಲಿದ್ದ ಡಾಕ್ಟರ ಕಣ್ಣು ಅರಳಿದವು. ಇಷ್ಟು ದಿನ ಕಲಿತ ಮಾತು ಬಳಕೆಗೆ ಬಂದಿತ್ತು. "ತುಡುಗು ಸಾರ್!" ಎಂದವರೇ ಓಡಿದರು. ಎತ್ತು ಬೆದರಿ ಅಂಗಡಿ ಸಾಲಿನ ಮೂಲೆ ತಿರುಗಿ ಓಡಿತು. ಡಾಕ್ಟರು ಹಿಂದೆ. ಪ್ಯಾಂಟಿನ ಗಂಟೆಗಳು ಪಟಪಟ ಬಡಿಯುತ್ತಿದ್ದವು. ಸಾವಕಾರರು ಕೂಗುತ್ತಲೇ ಇದ್ದರು. ಮೂಲೆಯ ಆಚೆ ಇದ್ದವರಿಗೆ ಕಂಡದ್ದು ಇಷ್ಟು: ಯಾರೋ ಅಪರಿಚಿತ ಎತ್ತಿನ ಹಗ್ಗ ಹಿಡಿದು ಹೊರಟಿದ್ದಾನೆ, ಹಿಂದೆ "ತುಡುಗ, ತುಡುಗ" ಎಂದು ಕೂಗು ಬರುತ್ತಿದೆ.

ನಾನು ಮೂಲೆ ತಿರುಗುವಷ್ಟರಲ್ಲಿ ಮಂದಿ ಸುತ್ತುಗಟ್ಟಿದ್ದರು. ಹೆಗಲುಗಳ ನಡುವೆ ಡಾಕ್ಟರ ತಲೆಯಷ್ಟೇ ಕಾಣುತ್ತಿತ್ತು. ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಕೇಳದಿದ್ದರೆ ಚೆನ್ನಾಗಿತ್ತು.

"ಈ ಎತ್ತ ಯಾರದು?" ರುದ್ರಪ್ಪ ಕೇಳುತ್ತಿದ್ದ.

"ಗೊತ್ತಿಲ್ಲ ಕಣ್ರೀ."

"ಗೊತ್ತಿಲ್ಲ? ಮತ್ತ ಎಲ್ಲಿಗಿ ಹೊಡಕೊಂಡ ಹೊಂಟಿ?"

"ಇಲ್ಲೇ, ಸ್ವಲ್ಪ ನೀರು ಕುಡಿಸೋಣಾಂತ. ಇದು ತುಡುಗು, ಗೊತ್ತಾಯ್ತಾ?"

"ತುಡುಗ ಅಂತ ನೀನ ಹೇಳ್ತಿ?"

"ಹೂಂ. ತುಡುಗೇ. ನೋಡಿದ ತಕ್ಷಣ ಗೊತ್ತಾಯ್ತು ನಂಗೆ."

ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವನನ್ನು ಅವರು ಕಂಡಿರಲಿಲ್ಲ. ರುದ್ರಪ್ಪ ಹತ್ತಿರ ಸರಿದು, ಒಂದೊಂದೇ ಮಾತು ಬಿಡಿಸಿ ಕೇಳಿದ: "ಅಂದ್ರ ನೀ ತುಡುಗ ಅದೀ?"

ಡಾಕ್ಟರು ನಕ್ಕುಬಿಟ್ಟರು. ಆ ನಗುವೇ ಇವತ್ತಿಗೂ ನನಗೆ ಮೈ ಜುಮ್ಮೆನಿಸುವುದು. ಅವರಿಗೆ ಅನಿಸಿದ್ದು, ಬೈಲಹೊಂಗಲದವರೆಗೂ ತನ್ನ ಹೆಸರು ಬಂದಿದೆ ಎಂದು. "ನಿಮಗೂ ಗೊತ್ತಾಗಿಬಿಟ್ಟಿದೆಯಾ! ಮನೇಲೂ ನನ್ನ ಹಾಗೇ ಕರೆಯೋದು."

"ಮನ್ಯಾಗೂ?"

"ಹೂಂ ಕಣ್ರೀ. ಓಣಿಯೋರೂ ಅಷ್ಟೆ."

"ಕೇಳಿದಿರೇನಪಾ?" ರುದ್ರಪ್ಪ ಸುತ್ತ ನೋಡಿದ. "ಮನೆತನಾನ ಹಂತಾದ್ದಂತ!"

ಅಲ್ಲಿಂದ ಮುಂದಿನದು ಬಹಳ ಬೇಗ ನಡೆಯಿತು. ನನ್ನ ನೆನಪಿನಲ್ಲಿ ಮಾತ್ರ ನಿಧಾನವಾಗಿ ನಡೆಯುತ್ತದೆ. ಯಾರೋ ಬಾರಕೋಲಿನ ಕಟ್ಟಿಗೆಯಿಂದ ಹಗ್ಗ ಹಿಡಿದ ಕೈಗೆ ಹೊಡೆದರು. ಡಾಕ್ಟರು "ಅಯ್ಯೋ" ಎಂದು ಕುಸಿದರು. ಇನ್ನಿಬ್ಬರು ಅವರನ್ನು ಎತ್ತಿ, ಗಾಡಿಯ ಹತ್ತಿರ ಎಳೆದುಕೊಂಡು ಹೋಗಿ, ಅದೇ ಬಲಗೈಯನ್ನು ನೊಗದ ಮೇಲೆ ಚಾಚಿ ಹಿಡಿದರು. "ಬಡೀಬ್ಯಾಡ್ರಿ" ಎಂದ ರುದ್ರಪ್ಪ. ನನಗೆ ಜೀವ ಬಂದಂತಾಯಿತು. "ಬಡದ್ರ ನಾಳಿಗಿ ಮರೀತಾನ. ಈ ಕೈಯ ಮುರಿದ್ರಾತು. ಮುಂದ ಯಾರ ಎತ್ತಿನ ಹಗ್ಗಾನೂ ಬಿಚ್ಚೂದಿಲ್ಲ." ಯಾರೋ ಗಾಡಿಯಿಂದ ಕೊಡಲಿ ತೆಗೆದು ಅವನ ಕೈಗಿತ್ತರು. ಆತ ಅದನ್ನು ತಿರುಗಿಸಿ, ಹಿಂಭಾಗದ ಕಬ್ಬಿಣ ಕೆಳಗೆ ಬರುವಂತೆ ಹಿಡಿದ.

ದನದ ಡಾಕ್ಟರನ ಬಲಗೈ ಎಂದರೇನು ಎನ್ನುವುದು ಹೊಟ್ಟೆಯಲ್ಲಿ ಕರು ಅಡ್ಡಸಿಕ್ಕ ಆಕಳನ್ನು ಕಂಡವರಿಗೆ ಗೊತ್ತು. ಆ ಕೈ ಹೋದರೆ ಆ ಮನುಷ್ಯನಿಗೆ ಉಳಿಯುವುದು ಪ್ಯಾಂಟು ಮಾತ್ರ.

ನಾನು ಸುಮ್ಮನಿರಲಿಲ್ಲ. ಇದ್ದಿದ್ದರೇ ಚೆನ್ನಾಗಿತ್ತೇನೋ. ಮಂದಿಯ ನಡುವೆ ನುಗ್ಗಿ, "ತಾಳ್ರಿ! ಆತ ಆ ಅರ್ಥದಾಗ ಹೇಳಿಲ್ಲ!" ಎಂದು ಕಿರುಚಿದೆ.

"ಮತ್ತ ಯಾವ ಅರ್ಥದಾಗ ಹೇಳ್ಯಾನ?"

"ಒಂದು ಶಬ್ದಕ್ಕ ಅನೇಕ ಅರ್ಥ ಇರ್ತಾವ್ರಿ. ಸಂದರ್ಭ ನೋಡಬೇಕು. ಆ ಶಬ್ದ ಎತ್ತಿಗೂ ಹತ್ತತದ, ಮನುಷ್ಯಾಗೂ ಹತ್ತತದ. ಮನುಷ್ಯಾಗ ಹತ್ತಿದಾಗಲೂ ಎರಡು ಬಗಿ..."

ದೇವರೇ, ಎತ್ತಿದ ಕೊಡಲಿಯ ಕೆಳಗೆ ನಾನು ಬಗೆಗಳನ್ನು ವಿಂಗಡಿಸುತ್ತಿದ್ದೆ! ಬಿ.ಎ.ಯ ಆ ಪೇಪರು ಕೊನೆಗೂ ಬಳಕೆಗೆ ಬಂದದ್ದು ಹೀಗೆ.

"ಇಂವ ಯಾರಪಾ?"

"ಜೋಡೀದಾರ ಇರಬೇಕು. ಮಾತ ಕೇಳು, ವಕೀಲನಗತೆ ಆಡ್ತಾನ. ಹಿಡೀರಿ ಇವನ್ನೂ."

ನನ್ನ ಅಂಗಿಯ ಕಾಲರು ಯಾರದೋ ಮುಷ್ಟಿಗೆ ಹೋಯಿತು. ಡಾಕ್ಟರ ಮುಖ ಈಗ ನನಗೆ ಕಾಣುತ್ತಿತ್ತು. ನಗು ಹೋಗಿತ್ತು. ಭಯಕ್ಕಿಂತ ಹೆಚ್ಚಾಗಿ ಅದರಲ್ಲಿದ್ದದ್ದು ದಿಗ್ಭ್ರಮೆ. ಪ್ರೀತಿಯಿಂದ ಕರೆಯುತ್ತಿದ್ದ ಹೆಸರಿಗೇ ಜನ ಹೊಡೆಯುತ್ತಿದ್ದಾರಲ್ಲ ಎನ್ನುವ ಮುಖ ಅದು. "ಸಾರ್, ಏನಾಯ್ತು ಸಾರ್? ನಾನೇನಂದೆ?" ಎಂದು ಮೆಲ್ಲಗೆ ಕೇಳಿದರು. ಉತ್ತರ ಬಹಳ ದೊಡ್ಡದಿತ್ತು, ಹೊತ್ತು ಇರಲಿಲ್ಲ. ರುದ್ರಪ್ಪನ ಹೆಗಲು ಹಿಂದಕ್ಕೆ ಹೋದದ್ದನ್ನು ಕಂಡೆ.

"ಎಲ್ಲಿ ಹಾಳಾಗಿ ಹೋಗೀರೋ ಇಬ್ಬರೂ? ಎಲಿ ಹಾಕಿ ಎಷ್ಟು ಹೊತ್ತಾತು!"

ಕಾಕು. ಹುಡುಕಿಕೊಂಡು ಬರಲು ಆಗುವುದಿಲ್ಲ ಎಂದವಳು ಹುಡುಕಿಕೊಂಡೇ ಬಂದಿದ್ದಳು. ಜರಿಯಂಚಿನ ಸೀರೆ ಕಂಡು ಮಂದಿ ತಾವಾಗಿಯೇ ದಾರಿ ಬಿಟ್ಟರು. ಆಕೆ ಕೊಡಲಿ ನೋಡಿದಳು, ನೊಗ ನೋಡಿದಳು, ಅದರ ಮೇಲಿನ ಕೈ ನೋಡಿದಳು. ಆಕೆಯ ಮುಖದ ಬಣ್ಣ ಹೋದದ್ದು ನನಗೊಬ್ಬನಿಗೇ ಕಂಡಿತು. ಯಾರನ್ನೂ ಏನೂ ಕೇಳಲಿಲ್ಲ. ನೆಟ್ಟಗೆ ಹೋಗಿ ಡಾಕ್ಟರ ಕಿವಿ ಹಿಡಿದಳು.

"ಏ ತುಡುಗಾ! ಊಟಾ ಬಿಟ್ಟು ಇಲ್ಲಿ ಎತ್ತು ಕಾಯ್ಲಿಕ್ಕೆ ನಿಂತೀ ಏನು? ಹೋಳಗಿ ಆರಿ ಹೋದ್ವು. ನಡಿ!"

ಹಿಡಿದದ್ದು ಬರೀ ಹಿಡಿದದ್ದಲ್ಲ, ತಿರುವಿದಳು. ಡಾಕ್ಟರು "ಆ ಕಾಕು, ಕಾಕು!" ಎಂದರು.

ಎತ್ತಿದ ಕೊಡಲಿ ಎತ್ತಿದಲ್ಲೇ ನಿಂತಿತು. ರುದ್ರಪ್ಪ ಕಾಕುವನ್ನು ನೋಡಿದ, ಆ ಕಿವಿಯನ್ನು ನೋಡಿದ.

"ಅವ್ವಾರ, ಇಂವ ನಿಮಗ ಏನಾಗಬೇಕ್ರಿ?"

"ನಮ್ಮನೀ ತುಡುಗ. ಸವದತ್ತಿ ದನದ ಡಾಕ್ಟರ್."

"ಅಂದ್ರ..." ರುದ್ರಪ್ಪ ತಡವರಿಸಿದ. "ಹಂತಾ ತುಡುಗ ಅಲ್ಲೇನ್ರಿ? ಉಂಡಿ ಡಬ್ಬಿ ತುಡುಗೇನ್ರಿ?"

"ಮತ್ತೆಂಥಾ ತುಡುಗ ಅಂತ ತಿಳಕೊಂಡ್ಯೋ ನೀ?"

ಅಷ್ಟೇ. ನಾನು ಗಂಟಲು ಹರಿದುಕೊಂಡರೂ ಆಗದ್ದು ಒಂದು ಕಿವಿ ತಿರುವಿದ್ದರಿಂದ ಆಯಿತು. ಅಲ್ಲಿದ್ದವರೆಲ್ಲರ ಕಿವಿಯನ್ನೂ ಯಾರೋ ಒಬ್ಬ ಅವ್ವ, ಅಜ್ಜಿ, ಕಾಕು ಹಾಗೆಯೇ ತಿರುವಿದ್ದಳು; ಎಷ್ಟು ನೋಯುತ್ತದೆ, ಎಷ್ಟು ನೋಯುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಡಾಕ್ಟರ ಕೈ ಹಿಡಿದವರು ಬಿಟ್ಟರು. ನನ್ನ ಕಾಲರು ಹಿಡಿದವನು ಅದನ್ನು ನೀವಿ ಸರಿಮಾಡಿದ. ಅಷ್ಟರಲ್ಲಿ ಅಡತಿಯ ಸಾವಕಾರರು ಏದುಸಿರು ಬಿಡುತ್ತ ಬಂದು, "ಏನ ಮಾಡೀರ‍್ಯೋ? ನಾ ಅಂದದ್ದು ಎತ್ತಿಗಿ!" ಎಂದು ಹಣೆ ಚಚ್ಚಿಕೊಂಡರು. ಆ ಎತ್ತು ಮಾತ್ರ ನಿಶ್ಚಿಂತೆಯಿಂದ ಇನ್ನೊಂದು ಗಾಡಿಯ ಹೊಟ್ಟು ಮೇಯುತ್ತಿತ್ತು.

ರುದ್ರಪ್ಪ ಕೊಡಲಿಯನ್ನು ಗಾಡಿಯಲ್ಲಿಟ್ಟು, ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. "ತಪ್ಪಾತ್ರಿ ಸಾಹೇಬ್ರ. ನನ್ನ ಎತ್ತ ಹೋದಾಗಿಂದ ನನ್ನ ತಲಿ ನೆಟ್ಟಗಿಲ್ರಿ." ಆಮೇಲೆ ಸಂಕಟದಿಂದ, "ಆದ್ರ ನೀವರ ಹೌದು ಅಂತ ಯಾಕ ಅಂದ್ರಿ? ಅದೂ ನಕ್ಕೋತ!" ಎಂದ. ಡಾಕ್ಟರಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. ಮೊದಲ ಸಲ, ಕಾಕುವಿನ ತಂಗಿಯ ಮನೆಗೆ ಹೋಗುವ ದಾರಿಯಲ್ಲಿ, ಆ ಶಬ್ದದ ಮೊದಲನೆಯ ಅರ್ಥವನ್ನು ಅವರಿಗೆ ಹೇಳಿದೆ. ಅವರು ನಡುದಾರಿಯಲ್ಲಿ ನಿಂತು, "ಅಂದ್ರೆ ಇಷ್ಟು ದಿನ ಓಣಿಯೋರೆಲ್ಲ ನನ್ನ ಕಳ್ಳ ಡಾಕ್ಟ್ರು ಅಂತಿದ್ರಾ?" ಎಂದು ಕೇಳಿದರು. ಅದಕ್ಕೆ ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ.

ಕೊಡಲಿ ಬೀಳದಿದ್ದರೂ ಬಾರಕೋಲಿನ ಏಟು ಬಿದ್ದಿತ್ತು. ಸಂಜೆಯ ಹೊತ್ತಿಗೆ ಮಣಿಕಟ್ಟು ಬದನೆಕಾಯಿಯಂತೆ ಊದಿತು. ಬೆರಳುಗಳು ಅಲುಗಾಡಲಿಲ್ಲ. ಅಲ್ಲಿಯ ಡಾಕ್ಟರು, ಮನುಷ್ಯರ ಡಾಕ್ಟರು, ಪಟ್ಟಿ ಬಿಗಿದು, "ಬಾವು ಇಳೀಲಿ, ಆಮ್ಯಾಲೆ ನೋಡೂಣು. ಬೆರಳು ಮೊದಲಿನಂಗ ಆಡ್ತಾವೋ ಇಲ್ಲೋ ಈಗ ಹೇಳಾಕ ಬರೂದಿಲ್ಲ" ಎಂದರು.

ಸವದತ್ತಿಗೆ ಬಂದಮೇಲೆ ನಮ್ಮ ಮನೆಯಲ್ಲಿ ಆ ಮಾತು ನಿಂತುಹೋಯಿತು. 'ನಮ್ಮನೀ ತುಡುಗ' ಎಂದು ಕೊಡಲಿಯ ಮುಂದೆ ಹೇಳಿದ ಕಾಕುವೇ, ಅಪಾಯ ದಾಟಿದಮೇಲೆ ಹೆದರಿದಳು. ತನ್ನ ಬಾಯಿಂದಲೇ ಆ ಹುಡುಗನ ಕೈಗೆ ಹೀಗಾಯಿತೆಂದು ಆಕೆಯ ಲೆಕ್ಕ. ಡಾಕ್ಟರು ಅಡುಗೆಮನೆಗೆ ಬಂದರೆ "ಬರ್ರಿ ಡಾಕ್ಟರ್, ಕೂಡ್ರಿ" ಎನ್ನುತ್ತಿದ್ದಳು. ಎಂದೂ ಇಲ್ಲದ 'ರಿ'. ಎಡಗೈಯಲ್ಲಿ ಚಮಚ ಹಿಡಿದು ಊಟಮಾಡುವ ಅವರ ತಟ್ಟೆಗೆ ಅನ್ನ ಕಲಸಿ ಕೊಡುವಾಗಲೂ "ಇನ್ನಷ್ಟು ಹಾಕಲೇನ್ರಿ?" ಡಾಕ್ಟರು ಬೇಕೆಂದೇ ಡಬ್ಬಿಯ ಮುಚ್ಚಳ ಬೀಳಿಸಿ ನೋಡಿದರು. ಕಾಕು ತಾನೇ ಬಂದು, ಎರಡು ಉಂಡಿ ಬಸಿಯಲ್ಲಿಟ್ಟು, "ತಗೋರಿ" ಎಂದು ಕೊಟ್ಟುಹೋದಳು. ಡಾಕ್ಟರು ಆ ಉಂಡಿಗಳನ್ನು ನನ್ನ ಮುಂದೆ ಇಟ್ಟು, "ರುಚಿಯೇ ಇಲ್ಲ ಸಾರ್" ಎಂದರು. ಉಂಡಿ ಮೊದಲಿನ ಹಾಗೆಯೇ ಇದ್ದವು. ನಾನು ಎರಡನ್ನೂ ತಿಂದು ಪರೀಕ್ಷಿಸಿದೆ.

ದವಾಖಾನೆಗೆ ಬಂದ ದನಗಳನ್ನು ನೋಡಿ, ಔಷಧ ಬರೆಯಿಸಿ ಕಳಿಸುತ್ತಿದ್ದರು. ಒಮ್ಮೆ ಹೆರಿಗೆಯ ತೊಂದರೆಯ ಎಮ್ಮೆಯನ್ನು ಧಾರವಾಡಕ್ಕೆ ಒಯ್ಯಿರಿ ಎಂದು ಹೇಳಿ ಬಂದ ದಿನ, ಪಡಸಾಲೆಯ ಕಂಬಕ್ಕೆ ಒರಗಿ ಬಹಳ ಹೊತ್ತು ಕುಳಿತರು. ಪಟ್ಟಿಯೊಳಗಿನ ಬೆರಳುಗಳನ್ನು ಅಲುಗಿಸಲು ನೋಡುತ್ತಿದ್ದರು ಎನ್ನುವುದು ಅವರ ಹುಬ್ಬು ಕೂಡಿದ್ದರಿಂದ ನನಗೆ ತಿಳಿಯುತ್ತಿತ್ತು. ನಾನು ಪೇಪರು ಮುಖಕ್ಕೆ ಅಡ್ಡ ಹಿಡಿದೆ. ಅದರ ಅಂಚಿನಿಂದ ನೋಡುತ್ತಿದ್ದೆ. ಒಳಗೆ ಕಾಕುವಿನ ಒನಕೆಯ ಸದ್ದು ನಿಂತಿತ್ತು; ಆಕೆ ಎಲ್ಲಿಂದ ನೋಡುತ್ತಿದ್ದಳೋ.

ಪಟ್ಟಿ ಬಿಚ್ಚುವ ದಿನ ಡಾಕ್ಟರು ಮನುಷ್ಯರ ದವಾಖಾನೆಗೆ ಹೋಗಲಿಲ್ಲ. "ನಾನೇ ಬಿಚ್ಚಿಕೊಳ್ತೀನಿ, ಎಷ್ಟು ಹಸುಗಳಿಗೆ ಬಿಚ್ಚಿಲ್ಲ" ಎಂದು ಪಡಸಾಲೆಯಲ್ಲಿ ಕುಳಿತರು. ಎಡಗೈಯಿಂದ ಬರಲಿಲ್ಲ. ನಾನು ಹೋದೆ. ಗಂಟು ಬಿಚ್ಚುವ ಬದಲು ಇನ್ನಷ್ಟು ಬಿಗಿ ಮಾಡಿದ್ದರಿಂದ ಕಾಕು ನನ್ನನ್ನು ಸರಿಸಿ ತಾನೇ ಕುಳಿತು, ಸುತ್ತು ಸುತ್ತಾಗಿ ಬಿಚ್ಚಿದಳು. ಒಳಗಿನ ಕೈ ಬೆಳ್ಳಗೆ, ಸುಕ್ಕಾಗಿ, ಬಹಳ ಹೊತ್ತು ನೀರಲ್ಲಿಟ್ಟ ಕೈಯಂತಿತ್ತು.

"ಆಡಸ್ರಿ" ಎಂದಳು.

ಹೆಬ್ಬೆರಳು ಆಡಿತು. ತೋರುಬೆರಳು ಆಡಿತು. ನಡುವಿನದು ತಡೆದು, ಯೋಚಿಸಿ, ಬಾಗಿತು. ಕೊನೆಯ ಎರಡು ಹಾಗೇ ಇದ್ದವು. ಡಾಕ್ಟರು ಕಣ್ಣುಮುಚ್ಚಿ ಹಲ್ಲು ಕಚ್ಚಿದರು. ಹಣೆಯ ಮೇಲೆ ಬೆವರು ಮೂಡಿತು. ಉಂಗುರದ ಬೆರಳು ಸ್ವಲ್ಪ ಕಂಪಿಸಿತು. ಅದು ಬಾಗಿದ್ದು ನೋಡಿ, ತನಗೂ ಈಗ ನೆನಪಾಯಿತು ಎನ್ನುವಂತೆ ಕಿರುಬೆರಳೂ ಅದರ ಹಿಂದೆಯೇ ಬಾಗಿತು.

ಕಾಕು ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಅಂಗೈ ಮೇಲೆ ಮಾಡಿ, ಕೆಳಗೆ ಮಾಡಿ, ಬೆರಳುಗಳನ್ನು ಒಂದೊಂದಾಗಿ ಹಿಡಿದು ಮಡಚಿ ಬಿಡಿಸಿದಳು, ಪೇಟೆಯಿಂದ ತಂದ ಸಾಮಾನು ಸರಿಯಿದೆಯೇ ಎಂದು ನೋಡುವ ಹಾಗೆ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಐದೂ ಅದಾವ ನೋಡೋ," ಎಂದಳು. "ಒಂದೂ ತುಡುಗ ಆಗಿಲ್ಲ."

ಡಾಕ್ಟರು ನಕ್ಕರು. ಅಂದು ಮನೆಯಲ್ಲೇ ಇದ್ದ ಕಾಕಾನೂ ಒಳಗಿನಿಂದ ನಕ್ಕರು. ನಾನೊಬ್ಬ ಮಾತ್ರ ಇನ್ನೊಮ್ಮೆ ಎಣಿಸಿದೆ.